ಮಳಿಗಾಲ ಪೂರ್ತಿ ಭೀಮಗಡ ಕಾಡಿನ ಊರಾಗ ಇರಬೇಕು, ಏನೇನು ತಯಾರಿ ಬೇಕು?

ಕೇಳಿದವರು (ಸಿಂದಗಿ): ಖಾನಾಪುರ ತಾಲೂಕಿನ ಹೆಮ್ಮಡಗಾದಿಂದ ಒಳಗ, ಭೀಮಗಡ ಅಭಯಾರಣ್ಯದ ಒಂದು ಊರಿನ ಶಾಲಿಗೆ ಜೂನ್‌ದಿಂದ ಕೆಲಸಕ್ಕ ಹೋಗಾಕಿ ಅದೀನಿ. ಮಹಾದಾಯಿಗೆ ಸೇರೂ ಹಳ್ಳ ದಾಟೇ ಊರು ಮುಟ್ಟಬೇಕಂತ. ಅಲ್ಲೇ ಖೋಲಿ ಹಿಡದು ಇರಬೇಕು. ಹಳ್ಳ, ದಿನಸಿ, ಇಂಬಳ, ಹಾವು, ಇವುಗಳ ಬಗ್ಗೆ ಗೊತ್ತಿದ್ದವರು ತಿಳಸ್ರಿ.

ಜಾಂಬೋಟಿ ಕಡೆಯವರು: ಅಕ್ಕಾರ, ಮೊದಲು ಹಳ್ಳದ ಮಾತು, ಉಳಿದದ್ದು ಆಮ್ಯಾಲ. ನಿಮ್ಮ ಜಿಲ್ಲಾದಾಗ ವರ್ಷಕ್ಕ ಸುಮಾರು 600 ಮಿಲಿಮೀಟರ್ ಮಳಿ. ಕಣಕುಂಬಿ, ಆಮಗಾಂವ ಪಟ್ಟಿಯೊಳಗ ಜೋರ ಹತ್ತಿದ್ರ ಒಂದ ವಾರದಾಗ ಅಷ್ಟು ಬಿದ್ದಬಿಡತೈತಿ. ಗುಡ್ಡ ಕಡಿದು, ಹಳ್ಳದ ಪಾತ್ರ ಸಣ್ಣದು. ಮ್ಯಾಲ ಸುರದ ನೀರು ತಾಸೊಪ್ಪತ್ತಿನ್ಯಾಗ ಕೆಳಗ ಬರತೈತಿ, ಹಿಂಗಾಗಿ ನೀವು ನಿಂತಲ್ಲಿ ಬಿಸಲು ಬಿದ್ದಿದ್ರೂ ನಂಬಬ್ಯಾಡ್ರಿ. ತಿಳಿ ಇದ್ದ ನೀರು ಒಮ್ಮಿಂದೊಮ್ಮೆಲೆ ಚಹಾದ ಬಣ್ಣಕ್ಕ ತಿರಗಿದ್ರ, ಎಲಿ-ಕಡ್ಡಿ ತೇಲಿ ಬರಾಕ ಹತ್ತಿದ್ರ, ತಳದಾಗ ಕಲ್ಲು ಉರುಳೂ ಸಪ್ಪಳ ಕೇಳಿದ್ರ ನೀರು ಏರಾಕತ್ತೈತಿ ಅಂತ ತಿಳೀರಿ. ಯಾವ ದಂಡಿಗೆ ಇದ್ದೀರೋ ಅಲ್ಲೇ ಉಳೀರಿ. ಮಳಿ ನಿಂತ್ರ ಬಹಳಷ್ಟು ಸಲ ಅವತ್ತ ಸಂಜಿಕ, ಇಲ್ಲಾ ಮರುದಿನ ಇಳೀತೈತಿ. ಶಾಲಿ ಒಂದಿನ ತಪ್ಪಿದ್ರ ತಪ್ಪಲಿ.

ಮೊಣಕಾಲ ಮುಟ್ಟೂ ನೀರಿಗೆ ಇಳೀಲೇಬ್ಯಾಡ್ರಿ. ಅದಕ್ಕಿಂತ ಕಡಿಮಿ ಇದ್ದಾಗೂ ನಿಮ್ಮ ಎತ್ತರದ ಬಿದಿರಿನ ಕೋಲು ಬೇಕು. ಮಾರಿ ನೀರು ಬರೂ ಕಡೆ ಮಾಡಿ, ಕೋಲು ಮುಂದ ಊರಿ, ಅಡ್ಡಡ್ಡ ಹೆಜ್ಜಿ ಇಡ್ರಿ. ಕೋಲು ಗಟ್ಟಿ ಕುಂತ ಮ್ಯಾಲೆ ಕಾಲು ಕೀಳ್ರಿ. ಬ್ಯಾಗಿನ ಸೊಂಟದ ಪಟ್ಟಿ, ಎದಿ ಪಟ್ಟಿ ಬಿಚ್ಚಿರಲಿ, ಬಿದ್ರ ಬ್ಯಾಗ್ ಕಳಚಿ ಹೋಗಲಿ.

ಮಳಿಗಾಲದ ಮುಂಚೆ ಊರವರು ಕೂಡಿ ಮರದ ದಿಂಡು, ಬಿದಿರಿನ ಕಾಲುಸಂಕ ಕಟ್ಟತಾರ. ಮಂದಿ ನಡುವಿನ ದಿಂಡು ಮುರದೀತು ಅಂತ ಅಂಜತಾರ. ಆದ್ರ ಕೈ ಕೊಡೂದು ಹೆಚ್ಚಾಗಿ ದಂಡಿಯ ಮಣ್ಣು: ಅದು ಕೊಚ್ಚಿ ಹೋಗಿ ದಿಂಡಿನ ತುದಿ ಜಾರತಾವ. ಇಲ್ಲಾ ಕಟ್ಟಿದ ಬಳ್ಳಿ ಕೊಳೀತಾವ. ಹತ್ತೂ ಮುಂಚೆ ಎರಡೂ ತುದಿ, ಕಟ್ಟು ನೋಡ್ರಿ. ಒಬ್ಬೊಬ್ಬರ ಹೋಗಬೇಕು. ಛತ್ರಿ ಮಡಚ್ರಿ, ಒಂದು ಕೈ ಹಿಡಿಗಂಬಿ ಬಿಡಬಾರದು. ಪಾಚಿ ಹಿಡದ ದಿಂಡಿನ ಮ್ಯಾಲ ಬೂದಿ ಚೆಲ್ಲಿದ್ರ ಸ್ವಲ್ಪ ಹಿಡತ ಸಿಗತೈತಿ, ಆದ್ರ ಒಂದು ಮಳಿಗೆ ಹೋಗತೈತಿ.

ನಾಗರಗಾಳಿ ಕಡೆಯವರು: ಗಂಬೂಟು ಒಯ್ಯಿರಿ ಅಂತ ಎಲ್ಲಾರೂ ಹೇಳತಾರ. ಗದ್ದಿಗೆ, ಕೆಸರಿಗೆ ಸರಿ. ಹಳ್ಳಕ್ಕ ಮಾತ್ರ ಬ್ಯಾಡ, ಒಳಗ ನೀರು ತುಂಬಿದ್ರ ಕಾಲು ಎತ್ತಾಕ ಬರೂದಿಲ್ಲ. ಹಿಂದ ಪಟ್ಟಿ ಇರೂ ಪ್ಲಾಸ್ಟಿಕ್ ಸ್ಯಾಂಡಲ್ ಹಾಕ್ಕೊಂಡು ದಾಟ್ರಿ. ಚರ್ಮದ ಚಪ್ಪಲಿ ಊರಾಗ ಬಿಟ್ಟು ಹೋಗ್ರಿ, ಜುಲೈದಾಗ ಬೂಷ್ಟು ಹತ್ತತಾವ. ಜೀನ್ಸ್‌ಗೂ ಅದ ಗತಿ, ಒಣಗೂದ ಇಲ್ಲ.

ಖಾನಾಪುರ ಪೇಟಿಯವರು: ದಿನಸಿ ಮಿರಗ ಮಳಿ ಹಿಡಿಯೂ ಮುಂಚೆ, ಅಂದ್ರ ಜೂನ್ 7ರೊಳಗ, ಊರು ಮುಟ್ಟಬೇಕು. ಒಬ್ಬರಿಗೆ ತಿಂಗಳಿಗೆ ಅಕ್ಕಿ 9-10 ಕಿಲೋ, ತೊಗರಿಬ್ಯಾಳಿ 2 ಕಿಲೋ, ಎಣ್ಣಿ ಒಂದು ಲೀಟರ್ ಹಿಡೀರಿ. ಎರಡು ತಿಂಗಳದ್ದು ಒಮ್ಮೆಗೆ ಒಯ್ಯಿರಿ. ಬ್ಯಾಳಿ, ಕಾಳು ಮೇ ತಿಂಗಳ ಬಿಸಲಿಗೆ ಚಂದಂಗೆ ಒಣಗಿಸಿ, ಪೂರ್ತಿ ಆರಿದ ಮ್ಯಾಲೆ ಡಬ್ಬಿಗೆ ಹಾಕ್ರಿ. ಬಿಸಿ ಇದ್ದಾಗ ಮುಚ್ಚಿದ್ರ ಒಳಗ ಬೆವತು ಹುಳ, ಬೂಷ್ಟು ಗ್ಯಾರಂಟಿ.

ಜೋಳದ ಹಿಟ್ಟು ಹೆಚ್ಚಿಗೆ ಒಯ್ಯಬ್ಯಾಡ್ರಿ, ಹಸಿ ಹಿಡದು ಕಮಟ ವಾಸನಿ ಬರತೈತಿ. ಕಡಕ್ ರೊಟ್ಟಿ ಒಯ್ಯಿರಿ, ಆದ್ರ ಎಲ್ಲಾ ಒಂದ ಡಬ್ಬಿಗೆ ತುಂಬಬ್ಯಾಡ್ರಿ. ದಿನಾ ಮುಚ್ಚಳ ತಗದ್ರ ಎಲ್ಲಾ ಮೆತ್ತಗ ಆಗತಾವ. ಹತ್ತ ಹತ್ತರ ಕಟ್ಟು ಮಾಡಿ ಪ್ಲಾಸ್ಟಿಕ್ ಚೀಲದಾಗ ಬಿಗದು, ತಗಡಿನ ಡಬ್ಬಿಯೊಳಗ ಇಟ್ಟು, ಡಬ್ಬಿ ಒಲಿ ಮ್ಯಾಲಿನ ಅಟ್ಟದಾಗ ಇಡ್ರಿ. ಮೆತ್ತಗಾದವು ಹಂಚಿನ ಮ್ಯಾಲ ಬಿಸಿ ಮಾಡಿದ್ರ ಮತ್ತ ಕಡಕ್ ಆಗತಾವ. ಬೂಷ್ಟು ಹಿಡದವು, ಅದರಾಗೂ ಶೇಂಗಾ ಮತ್ತ ಶೇಂಗಾ ಚಟ್ನಿ, ಒಗದಬಿಡ್ರಿ, ಹುರದ್ರೂ ಅದರ ವಿಷ ಹೋಗೂದಿಲ್ಲ. ಹರಳುಪ್ಪು ಭರಣಿಯೊಳಗ, ಕಡ್ಡಿಪೆಟ್ಟಿಗಿ ಬಿಗಿ ಮುಚ್ಚಳದ ಡಬ್ಬಿಯೊಳಗ.

ಕಟ್ಟಿಗಿ ಬಗ್ಗೆ: ಅಭಯಾರಣ್ಯದ ಜಾಗ, ನೀವಾಗಿ ಕಾಡಿಗೆ ಹೋಗಿ ಕಡೀಬ್ಯಾಡ್ರಿ. ಮನಿ ಮಾಲಕರ ಹತ್ರ ಮುಂಚೆ ಮಾತಾಡಿ ಒಣ ಕಟ್ಟಿಗಿ ಒಟ್ಟಿಸ್ರಿ. ಮರುದಿನ ಬೇಕಾಗೂವು ಇವತ್ತ ಒಲಿ ಪಕ್ಕಕ್ಕ ಇರಬೇಕು. ಬಾಗಿಲಾ-ಕಿಟಕಿ ಎಲ್ಲಾ ಮುಚ್ಚಿ ಮಲಗಬ್ಯಾಡ್ರಿ, ಹೊಗಿ ಹೋಗಾಕ ಹಾದಿ ಇರಲಿ.

ಆರೋಗ್ಯ ಸೇವೆಯವರು, ಬೆಳಗಾವಿ: ನೀರು ಮೊದಲು. ಮಳೆಗಾಲದಲ್ಲಿ ಬಾವಿ, ಝರಿ ಎಲ್ಲಕ್ಕೂ ಮೇಲಿನ ನೀರು ಸೇರುತ್ತದೆ. ಕೊಡದಲ್ಲಿ ತಂಗಲು ಬಿಟ್ಟು, ನಾಲ್ಕು ಮಡಿಕೆ ಹತ್ತಿ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷವಾದರೂ ಕುದಿಸಿ. ಕ್ಲೋರಿನ್ ಗುಳಿಗೆ ಇದ್ದರೂ ಸೋಸದೆ ಹಾಕಬೇಡಿ, ರಾಡಿ ನೀರಿನಲ್ಲಿ ಅದರ ಶಕ್ತಿ ಕುಗ್ಗುತ್ತದೆ.

ಇಂಬಳವನ್ನು ಎಳೆದು ಕೀಳಬೇಡಿ. ಸಪೂರ ತುದಿಯಲ್ಲಿ ಬಾಯಿ ಇರುತ್ತದೆ, ಅದರ ಪಕ್ಕ ಉಗುರು ಒತ್ತಿ ಅಡ್ಡಕ್ಕೆ ಸರಿಸಿ, ಆಮೇಲೆ ದಪ್ಪ ತುದಿ ಬಿಡಿಸಿ. ಉಪ್ಪು, ಸುಣ್ಣ, ಬೆಂಕಿ ಹಚ್ಚಿದರೆ ಬಿಡುತ್ತದೆ, ಆದರೆ ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೆ ಕಾರಬಹುದು. ರಕ್ತ ಹೆಪ್ಪುಗಟ್ಟದಂತೆ ಅದು ರಸ ಬಿಟ್ಟಿರುತ್ತದೆ, ಹಾಗಾಗಿ ಕೆಲವು ತಾಸು ಜಿನುಗಿದರೆ ಗಾಬರಿ ಬೇಡ. ಸೋಪಿನಿಂದ ತೊಳೆದು ಬಟ್ಟೆ ಒತ್ತಿ ಕಟ್ಟಿ. ಸಡಿಲ ಹೆಣಿಗೆಯ ಸಾಕ್ಸ್ ಒಳಗಿಂದ ಇಂಬಳ ನುಸುಳುತ್ತದೆ, ಒತ್ತಾದ ಬಟ್ಟೆಯ ಉದ್ದ ಸಾಕ್ಸ್ ಹೊಲಿಸಿಕೊಳ್ಳಿ.

ಕಾಲಲ್ಲಿ ಗಾಯವಿದ್ದರೆ ಗದ್ದೆ ನೀರಿಗೆ ಇಳಿಯಬೇಡಿ. ಜ್ವರ, ಮೀನಖಂಡದ ವಿಪರೀತ ನೋವು, ಕೆಂಪು ಕಣ್ಣು ಒಟ್ಟಿಗೆ ಬಂದರೆ ಇಲಿಜ್ವರದ ಶಂಕೆ, ತಡಮಾಡದೆ ಆಸ್ಪತ್ರೆಗೆ. ಮಳೆ ಮುಗಿದ ಮೇಲೆ, ನವೆಂಬರ್‌ನಿಂದ ಮೇವರೆಗೆ, ಉಣ್ಣೆ ಹುಳದ ಕಾಟ, ಮಂಗನ ಕಾಯಿಲೆ ಹರಡುವುದು ಅದರ ಕಡಿತದಿಂದ. ಪಕ್ಕದ ಗೋವಾದ ಸತ್ತರಿಯಲ್ಲಿ 2015ರಲ್ಲಿ ಈ ಕಾಯಿಲೆ ಕಾಣಿಸಿತ್ತು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ.

ಹಾವು ಕಡಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಕೈ ಅಥವಾ ಕಾಲಿಗೆ ಬಿದಿರಿನ ದಬ್ಬೆ ಕಟ್ಟಿ ಅಲುಗದಂತೆ ಮಾಡಿ, ಕಡಿದ ಹೊತ್ತು ಬರೆದಿಟ್ಟುಕೊಳ್ಳಿ. ನಮ್ಮಲ್ಲಿ ಸಿಗುವ ವಿಷಪ್ರತಿರೋಧಕ ಔಷಧ ನಾಗರ, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ನಾಲ್ಕಕ್ಕೆ ಮಾತ್ರ. ಗಿಡದ ಮೇಲಿರುವ ಗುಳಿಮಂಡಲಗಳಿಗೆ ಅದು ನಾಟುವುದಿಲ್ಲ. ಹಾಗಂತ ಆಸ್ಪತ್ರೆ ತಪ್ಪಿಸಬೇಡಿ, ಊತ, ರಕ್ತಸ್ರಾವಕ್ಕೆ ಚಿಕಿತ್ಸೆ ಅಲ್ಲಿಯೇ ಆಗಬೇಕು.

ಜಾಂಬೋಟಿ ಕಡೆಯವರು: ಅದಕ್ಕ ಒಂದು ಸೇರಸ್ತೀನಿ. 108 ಗಾಡಿ ರಸ್ತಾ ಇರೂ ತನಕ ಅಷ್ಟ ಬರತೈತಿ. ಅಲ್ಲಿ ಮಟ ಹೊತ್ತು ತರಬೇಕು. ಎರಡು ಗಟ್ಟಿ ಬಿದಿರು, ಒಂದು ದಪ್ಪ ಕಂಬಳಿ ಯಾರ ಮನ್ಯಾಗ ಇರತಾವ, ಹೊರೂ ನಾಕು ಮಂದಿ ಯಾರು, ಯಾವ ದಿನ್ನಿ ಮ್ಯಾಲ ಫೋನ್ ಹತ್ತತೈತಿ, ಇಷ್ಟು ಹೋದ ಮೊದಲನೇ ವಾರದಾಗ ಕೇಳಿ ಇಟ್ಟುಕೋರಿ.

ನಾಗರಗಾಳಿ ಕಡೆಯವರು: ಕರಡಿ ಮರೀಬ್ಯಾಡ್ರಿ. ನಸುಕಿನ್ಯಾಗ, ಕತ್ತಲಾದ ಮ್ಯಾಲ ಒಬ್ಬರ ತಿರಗಬ್ಯಾಡ್ರಿ. ಹಲಸು ಹಣ್ಣಾದ ಕಡೆ ಇನ್ನೂ ಹುಷಾರ್. ಮಾತಾಡಕೋತ ಹೋದ್ರ ಅದ ದೂರ ಸರೀತೈತಿ, ಸಪ್ಪಳಿಲ್ಲದ ತಿರುವಿನ್ಯಾಗ ಎದುರಾದ್ರ ಮೈಮ್ಯಾಲ ಬರತೈತಿ. ಮಳಿ ಸಪ್ಪಳದಾಗ ಅದಕ್ಕೂ ನಿಮ್ಮ ಹೆಜ್ಜಿ ಕೇಳೂದಿಲ್ಲ. ಸೋಲಾರ್ ಮ್ಯಾಲ ಪೂರ್ತಿ ಭರೋಸಾ ಬ್ಯಾಡ, ಮೋಡದಾಗ ಚಾರ್ಜ್ ಏರೂದಿಲ್ಲ. ಸೆಲ್ ಹಾಕೂ ಟಾರ್ಚ್ ಎರಡು ಇರಲಿ. ನೇಮಕದ ಪತ್ರದ ಎರಡು ಝೆರಾಕ್ಸ್ ಪ್ಲಾಸ್ಟಿಕ್ ಕವರಿನ್ಯಾಗ ಇಟ್ಟುಕೋರಿ, ಅರಣ್ಯ ಇಲಾಖೆಯವರು ಕೇಳತಾರ.