ಇಂಗ್ಲಿಷಿಗೆ 80ಕ್ಕೆ 68 ಬಂದಿದೆ, ಆದರೆ ಸ್ವಂತ ಒಂದು ಸಾಲು ಬರೆಯೋಕೆ ಬರಲ್ಲ. ತಂಗಿಗೆ ಹೇಗೆ ಸಹಾಯ ಮಾಡಲಿ?

ಸಿಂಧನೂರು ಅಣ್ಣ

ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರಿನ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ತಂಗಿ ನಮ್ಮೂರ ಸರ್ಕಾರಿ ಹೈಸ್ಕೂಲಲ್ಲಿ ಹತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಪಿಯುಸಿ ಸೈನ್ಸ್ ತಗೊಂಡು ಮುಂದೆ ನರ್ಸಿಂಗ್ ಓದಬೇಕು ಅಂತ ಅವಳ ಆಸೆ. ಅರ್ಧವಾರ್ಷಿಕದಲ್ಲಿ ಇಂಗ್ಲಿಷಿಗೆ 80ಕ್ಕೆ 68 ಬಂತು, ಮನೆಯಲ್ಲಿ ಎಲ್ಲರಿಗೂ ಖುಷಿ.

ಮೊನ್ನೆ ಅವಳ ಉತ್ತರ ಪತ್ರಿಕೆ ತೆಗೆದು ನೋಡಿದೆ. ಪತ್ರ ಬರೆಯೋ ಪ್ರಶ್ನೆಯಲ್ಲಿ ನೀನು ಕೊಪ್ಪಳದ ವಿದ್ಯಾರ್ಥಿನಿ ಅಂದುಕೊಂಡು ಬರಿ ಅಂತ ಇದೆ. ಇವಳು ಗೈಡಿನಲ್ಲಿದ್ದ ಮೈಸೂರು ವಿಳಾಸ, ಗೈಡಿನಲ್ಲಿದ್ದ ಹುಡುಗನ ಹೆಸರು ಹಾಗೇ ಇಳಿಸಿದ್ದಾಳೆ. ಒಳಗೆ ಒಂದು ಕಾಮಾ ಕೂಡ ತಪ್ಪಿಲ್ಲ. ‘ಈ ಸಾಲಿನ ಅರ್ಥ ಏನವ್ವಾ?’ ಅಂದರೆ ಸುಮ್ನೆ ನಿಂತುಬಿಟ್ಟಳು, ಕಣ್ಣಲ್ಲಿ ನೀರು. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಯಾಕಂದರೆ ನಾನೂ ಹಿಂಗೇ ಪಾಸಾಗಿ ಸೈನ್ಸಿಗೆ ಸೇರಿ, ಪಾಠ ಒಂದೂ ತಿಳಿಯದೆ ಆರು ತಿಂಗಳಿಗೆ ಬಿಟ್ಟು ಬಂದವನು. ಅವಳಿಗೆ ಹಾಗಾಗಬಾರದು. ಪರೀಕ್ಷೆಗೆ ಎರಡು ತಿಂಗಳಿದೆ, ಆಮೇಲೆ ರಜೆ ಇದೆ. ಟ್ಯೂಷನ್‌ಗೆ ಹಾಕಲಾ? ಸಿಂಧನೂರಿನ ತನಕ ಬಸ್ಸಿಗೆ ಕಳಿಸಬೇಕು, ಸಂಜೆ ವಾಪಸ್ ಬರೋ ಬಸ್ಸು ಒಂದೇ.

ಗಂಗಾವತಿ ಕಡೆಯ ಟೀಚರ್

ತಮ್ಮಾ, ಮೊದಲು ತಂಗಿಯನ್ನು ಬೈಯಬೇಡ. ಗೈಡು ಬಾಯಿಪಾಠ ಮಾಡು ಅಂತ ಹೇಳಿದ್ದು ನಾವೇ. ನಾನು ಸರ್ಕಾರಿ ಹೈಸ್ಕೂಲಲ್ಲಿ 14 ವರ್ಷದಿಂದ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ದ್ವಿತೀಯ ಭಾಷೆ, 100 ಅಂಕ. 80 ಬರವಣಿಗೆಗೆ, 20 ಆಂತರಿಕ. ಜನವರಿ ಬಂತು ಅಂದರೆ ನಮಗೆ ಒಂದೇ ಚಿಂತೆ, ಯಾರೂ ಫೇಲಾಗಬಾರದು. ಪಾಸಿಂಗ್ ಪ್ಯಾಕೇಜ್ ಅಂತ ನಾಲ್ಕು ಹಾಳೆ ಕೊಡುತ್ತೇವೆ: ಎರಡು ಪತ್ರ, ಮೂರು ಪ್ರಬಂಧ, ಒಂದು ಪದ್ಯ ಬಾಯಿಪಾಠ. ನಿಧಾನಕ್ಕೆ ಕಲಿಯೋ ಮಗುವನ್ನು ದಡ ಸೇರಿಸೋಕೆ ಅದು ಬೇಕು. ಆದರೆ ನಿನ್ನ ತಂಗಿಯಂಥ ಚುರುಕು ಮಕ್ಕಳೂ ಅದನ್ನೇ ಹಿಡಿದುಕೊಂಡು ಕೂರುತ್ತಾರೆ, ನಾವೂ ಬಿಡು ಅನ್ನಲ್ಲ. ಸರ್ಕಾರಿ ಶಾಲೆಗಳಲ್ಲಿ 2007-08ರಿಂದಲೇ ಒಂದನೇ ಕ್ಲಾಸಿಗೆ ಇಂಗ್ಲಿಷ್ ಬಂದಿದೆ. ಆದರೂ ಎಂಟನೇ ಕ್ಲಾಸಿಗೆ ಸೇರೋ ಎಷ್ಟೋ ಮಕ್ಕಳು ಸ್ವಂತ ಊರಿನ ಹೆಸರು ಬಿಟ್ಟು ಬೇರೆ ಬರೆಯಲ್ಲ.

ಟ್ಯೂಷನ್ ಬೇಡ, ಅಲ್ಲೂ ಇದೇ ಹಾಳೆ ಕೊಡ್ತಾರೆ. ದಿನಾ ರಾತ್ರಿ ಮೂರೇ ಸಾಲು ಬರೆಸು. ಇವತ್ತು ಏನಾಯ್ತು ಅಂತ ಅವಳದೇ ಮೂರು ಸಾಲು, ಗೈಡು ಮುಚ್ಚಿಟ್ಟು. ತಪ್ಪು ತುಂಬಾ ಬರುತ್ತೆ. ನಮ್ಮ ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ನನಗೆ ಗೊತ್ತು. ಕನ್ನಡದಲ್ಲಿ ‘ನಾನು ನೀರು ಕುಡಿದೆ’ ಅಂತೀವಿ, ಕ್ರಿಯಾಪದ ಕೊನೆಗೆ. ಅದಕ್ಕೇ ಅವರು ‘ಐ ವಾಟರ್ ಡ್ರ್ಯಾಂಕ್’ ಅಂತ ಬರೆಯುತ್ತಾರೆ. ಇಂಗ್ಲಿಷಲ್ಲಿ ಅದು ನಡುವೆ ಬರಬೇಕು. ಹಾಗೇ ‘ರಾಯಚೂರಿನಿಂದ’ ಅನ್ನುವಾಗ ನಮ್ಮ ‘ಇಂದ’ ಊರಿನ ಹಿಂದೆ ಅಂಟಿಕೊಳ್ಳುತ್ತೆ. ಅವರ ‘ಫ್ರಮ್’ ಊರಿನ ಮುಂದೆ ನಿಲ್ಲುತ್ತೆ. ಇವೆರಡನ್ನು ಅವಳಿಗೆ ಕನ್ನಡದಲ್ಲೇ ಬಿಡಿಸಿ ಹೇಳು. ಒಂದು ದಿನಕ್ಕೆ ಒಂದೇ ತಪ್ಪು ತಿದ್ದು. ಎಲ್ಲಾ ಕಡೆ ಕೆಂಪು ಪೆನ್ನು ಎಳೆದರೆ ಮಾರನೇ ದಿನ ಪೆನ್ನೇ ಮುಟ್ಟಲ್ಲ.

ಸಿರುಗುಪ್ಪ ಹುಡುಗಿ

ಅಣ್ಣ, ನಾನು ಈಗ ಬಿಎಸ್ಸಿ ಎರಡನೇ ವರ್ಷ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪಿಯುಸಿಗೆ ಬಳ್ಳಾರಿಗೆ ಹೋದಾಗ ಎಲ್ಲಾ ಇಂಗ್ಲಿಷು. ಮೊದಲನೇ ವಾರ ಫಿಸಿಕ್ಸ್ ಕ್ಲಾಸಲ್ಲಿ ‘ಆಕ್ಸಲರೇಶನ್’ ಅಂದರು. ಏನೋ ಹೊಸದು ಅಂತ ಹೆದರಿಕೊಂಡೆ. ಹಾಸ್ಟೆಲ್‌ಗೆ ಬಂದು ಗೆಳತಿಯನ್ನು ಕೇಳಿದರೆ ಅದು ನಮ್ಮ ವೇಗೋತ್ಕರ್ಷ! ಒಂಬತ್ತನೇ ಕ್ಲಾಸಲ್ಲಿ ಅದರ ಲೆಕ್ಕ ಎಲ್ಲಾ ಸರಿಯಾಗಿ ಮಾಡಿದ್ದೆ. ಅವತ್ತು ಅತ್ತುಬಿಟ್ಟೆ ಅಣ್ಣ, ಗೊತ್ತಿಲ್ಲ ಅಂತಲ್ಲ, ಗೊತ್ತಿದ್ದೂ ಕೈ ಎತ್ತಲಿಲ್ಲ ಅಂತ. ಕ್ಲಾಸಲ್ಲಿ ಕನ್ನಡದಲ್ಲಿ ಡೌಟ್ ಕೇಳಿದ ಹುಡುಗನನ್ನು ನೋಡಿ ಎಲ್ಲರೂ ನಕ್ಕಿದ್ದರು, ಅದಕ್ಕೇ ನಾನು ಮೂರು ತಿಂಗಳು ಬಾಯೇ ಬಿಡಲಿಲ್ಲ.

ನನಗೆ ದಾರಿ ಆಗಿದ್ದು ಇದು. ನಮ್ಮ ಹೈಸ್ಕೂಲಿನ ವಿಜ್ಞಾನ ಪುಸ್ತಕ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿಯದೇ, ಕನ್ನಡದ್ದು ಅದರ ಅನುವಾದ. ಚಿತ್ರಗಳೂ ಅವೇ, ಪ್ರಶ್ನೆಗಳೂ ಅವೇ. ಎರಡೂ ಮೊಬೈಲಲ್ಲಿ ಪುಕ್ಕಟೆ ಸಿಗುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಂದು ಪ್ಯಾರಾ ಕನ್ನಡದಲ್ಲಿ, ಅದೇ ಪ್ಯಾರಾ ಇಂಗ್ಲಿಷಲ್ಲಿ ಜೋರಾಗಿ ಓದುತ್ತಿದ್ದೆ. ಒಂದು ನೋಟ್‌ಬುಕ್‌ಗೆ ನಡುವೆ ಗೆರೆ ಎಳೆದು ಎಡಕ್ಕೆ ನಮ್ಮದು, ಬಲಕ್ಕೆ ಅವರದು. ರೋಧ ಅಂದರೆ ರೆಸಿಸ್ಟೆನ್ಸ್. ವಿಭವಾಂತರ ಅಂದರೆ ಪೊಟೆನ್ಷಿಯಲ್ ಡಿಫರೆನ್ಸ್. ಪತ್ರಹರಿತ್ತು ಅಂದರೆ ಕ್ಲೋರೋಫಿಲ್. ನಿಮ್ನ ದರ್ಪಣ ಅಂದರೆ ಕಾನ್‌ಕೇವ್ ಮಿರರ್. ಇನ್ನೂರು ಪದ ಆಗೋ ಹೊತ್ತಿಗೆ ಕ್ಲಾಸು ತಿಳಿಯೋಕೆ ಶುರುವಾಯ್ತು. ನಾನು ಕಾಲೇಜು ಸೇರಿದ ಮೇಲೆ ಮಾಡಿದ್ದನ್ನು ಅವಳು ಏಪ್ರಿಲ್, ಮೇನಲ್ಲೇ ಮಾಡಿದರೆ ಎಷ್ಟೋ ಅಳು ತಪ್ಪುತ್ತೆ. ಸಂವಿಧಾನದ 371ಜೆ ವಿಧಿ ಇರೋದರಿಂದ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಮಕ್ಕಳಿಗೆ ಮುಂದೆ ಸೀಟಿನ ಅನುಕೂಲ ಇದೆ. ಸೀಟು ಸಿಕ್ಕ ಮೇಲೆ ಪಾಠ ತಿಳೀಬೇಕಲ್ವಾ?

ಲಿಂಗಸುಗೂರು ಅಕ್ಕ

ಎಲ್ಲರೂ ಚೆನ್ನಾಗಿ ಹೇಳಿದ್ದೀರಿ. ನಾನು ಒಂದೇ ಮಾತು ಕೇಳುತ್ತೇನೆ ತಮ್ಮಾ, ಬೇಜಾರಾಗಬೇಡ. ಹತ್ತಿ ಬಿಡಿಸೋ ಹೊತ್ತಲ್ಲಿ ಆಕೆ ಎಷ್ಟು ದಿನ ಶಾಲೆ ತಪ್ಪಿಸಿದಳು? ಇನ್ನು ಮೆಣಸಿನಕಾಯಿ ಸುಗ್ಗಿ ಇದೆ. ಕೂಲಿ ಆಳು ಸಿಗಲಿಲ್ಲ ಅಂದರೆ ಮೊದಲು ಹೊಲಕ್ಕೆ ಹೋಗೋದು ಮನೆಯ ಹೆಣ್ಣುಮಗಳೇ. ಕನ್ನಡ, ಸಮಾಜ ಹೇಗೋ ಮನೆಯಲ್ಲಿ ಓದಿಕೊಳ್ಳಬಹುದು. ಇಂಗ್ಲಿಷ್ ಕಿವಿಗೆ ಬೀಳೋದು ಆ ಒಂದು ಪಿರಿಯಡ್‌ನಲ್ಲಿ ಮಾತ್ರ, ಅದೂ ತಪ್ಪಿದರೆ ಗೈಡು ಬಿಟ್ಟು ಇನ್ನೇನಿದೆ ಆಕೆಗೆ?

ಸಿಂಧನೂರು ಅಣ್ಣ

ಅಕ್ಕಾ, ನಿಮ್ಮ ಮಾತು ಓದಿ ಹಾಜರಿ ಲೆಕ್ಕ ಕೇಳಿದೆ. ನವೆಂಬರ್, ಡಿಸೆಂಬರ್ ಸೇರಿ 17 ದಿನ ಹೋಗಿಲ್ಲ. ಪೂರ್ತಿ ಹತ್ತಿ ಹೊಲದಲ್ಲೇ. ನಾನು ಮಿಲ್‌ನಲ್ಲಿರುತ್ತೇನೆ, ಇಷ್ಟು ಅಂತ ಗೊತ್ತೇ ಇರಲಿಲ್ಲ. ಅಪ್ಪನ ಹತ್ತಿರ ಕೂತು ಮಾತಾಡಿದ್ದೇನೆ. ಈ ಸಲ ಮೆಣಸಿನಕಾಯಿಗೆ ಅವಳನ್ನು ಕರೆಯೋದಿಲ್ಲ, ನನ್ನ ಸಂಬಳದಲ್ಲಿ ಒಂದು ಆಳಿನ ಕೂಲಿ ನಾನೇ ಕೊಡುತ್ತೇನೆ.

ಮೇಡಂ, ನಿನ್ನೆ ರಾತ್ರಿ ಮೂರು ಸಾಲು ಬರೆಸಿದೆ. ಅರ್ಧ ಗಂಟೆ ಹಿಡಿಯಿತು. ಎರಡನೇ ಸಾಲು ‘ಮೈ ಬ್ರದರ್ ರೈಸ್ ಮಿಲ್ ಇನ್ ವರ್ಕ್ಸ್’ ಅಂತ ಇತ್ತು. ನೀವು ಹೇಳಿದ ಹಾಗೆ ಕ್ರಿಯಾಪದದ ಜಾಗ ಒಂದನ್ನೇ ತೋರಿಸಿದೆ. ‘ಇನ್’ ನಾಳೆ ಹೇಳೋಣ ಅಂತ ಬಿಟ್ಟಿದ್ದೆ. ಅವಳು ತಾನೇ ಪೆನ್ನು ತಗೊಂಡು ಅದನ್ನೂ ರೈಸ್ ಮಿಲ್‌ನ ಮುಂದಕ್ಕೆ ತಂದಳು. ಸಿರುಗುಪ್ಪ ತಂಗೀ, ಎರಡು ಪುಸ್ತಕದ ಉಪಾಯ ಭಾನುವಾರದಿಂದ ಶುರು. ಬೆಳಕಿನ ಪಾಠದಿಂದ ಹಿಡಿಯಲಾ, ಇಲ್ಲಾ ವಿದ್ಯುತ್ತಿನಿಂದಲಾ? ನಿನಗೆ ಯಾವುದು ಸಲೀಸಾಯ್ತು ಹೇಳು.

ಸಿರುಗುಪ್ಪ ಹುಡುಗಿ

ಬೆಳಕಿನಿಂದ ಹಿಡಿಯಿರಿ ಅಣ್ಣ. ಚಿತ್ರ ಜಾಸ್ತಿ ಇದೆ, ಪದ ಮರೆತರೂ ಚಿತ್ರ ನೋಡಿದರೆ ಹೊಳೆಯುತ್ತೆ. ನನ್ನ ಹಳೇ ನೋಟ್‌ಬುಕ್ ಇನ್ನೂ ಇದೆ, ರಾತ್ರಿ ಫೋಟೋ ತೆಗೆದು ಹಾಕುತ್ತೇನೆ.