ಶಸ್ತ್ರಚಿಕಿತ್ಸೆಯ ವೇಳೆ ಗೆಡ್ಡೆಯ ಅಂಚನ್ನು ಬೆಳಕಿನಿಂದ ಗುರುತಿಸುವುದು ಹೇಗೆ?

ಪ್ರಶ್ನೆ:
ನನ್ನ ಅಣ್ಣನಿಗೆ ಮೆದುಳಿನಲ್ಲಿ ಗ್ಲಿಯೋಮಾ ಗೆಡ್ಡೆ ಇರುವುದು ಪತ್ತೆಯಾಗಿದ್ದು, ಶಸ್ತ್ರಚಿಕಿತ್ಸೆಗೆ ಮೊದಲು ಒಂದು ದ್ರಾವಣವನ್ನು ಕುಡಿಸಿ, ನೀಲಿ ಬೆಳಕಿನಲ್ಲಿ ಗೆಡ್ಡೆಯನ್ನು ನೋಡುತ್ತ ತೆಗೆಯುವುದಾಗಿ ವೈದ್ಯರು ಹೇಳಿದ್ದಾರೆ. ಬರಿಗಣ್ಣಿಗೆ ಕಾಣದ್ದು ಹೀಗೆ ಕಾಣುವುದಾದರೂ ಹೇಗೆ, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಆ ದ್ರಾವಣ ಬಹುಶಃ 5-ಎಎಲ್‌ಎ (5-ಅಮಿನೊಲೆವುಲಿನಿಕ್ ಆಮ್ಲ) ಇರಬೇಕು. ಅರಿವಳಿಕೆಗೆ ಸುಮಾರು 3 ಗಂಟೆ ಮೊದಲು ಅದನ್ನು ಕುಡಿಸುತ್ತಾರೆ. ಗೆಡ್ಡೆಯ ಕೋಶಗಳು ಅದನ್ನು ನೀಲಿ ಬೆಳಕಿನಲ್ಲಿ ಕೆಂಪಾಗಿ ಹೊಳೆಯುವ ಪ್ರೊಟೊಪೋರ್ಫಿರಿನ್ ಎಂಬ ವಸ್ತುವಾಗಿ ಮಾರ್ಪಡಿಸಿ ತಮ್ಮೊಳಗೆ ಕೂಡಿಟ್ಟುಕೊಳ್ಳುವುದರಿಂದ, ಸೂಕ್ಷ್ಮದರ್ಶಕದ ಬೆಳಕನ್ನು ನೀಲಿಗೆ ಬದಲಿಸಿದೊಡನೆ ಗೆಡ್ಡೆಯ ನಡುಭಾಗ ಕೆಂಡದಂತೆ ಕೆಂಪಾಗಿ, ಅಂಚು ನಸುಗುಲಾಬಿಯಾಗಿ ಹೊಳೆಯುತ್ತದೆ. ಸುತ್ತಲಿನ ಆರೋಗ್ಯವಂತ ಮೆದುಳು ನೀಲಿಯಾಗಿಯೇ ಉಳಿಯುತ್ತದೆ. ಜರ್ಮನಿಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ಕ್ಯಾನ್‌ನಲ್ಲಿ ಎದ್ದುಕಾಣುವ ಗೆಡ್ಡೆಯನ್ನು ಈ ವಿಧಾನದಿಂದ ಶೇ 65ರಷ್ಟು ರೋಗಿಗಳಲ್ಲಿ ಪೂರ್ತಿಯಾಗಿ ತೆಗೆಯಲು ಸಾಧ್ಯವಾಗಿತ್ತು. ಸಾಮಾನ್ಯ ಬೆಳಕಿನಲ್ಲಿ ಆ ಪ್ರಮಾಣ ಶೇ 36 ಮಾತ್ರ.

ಉತ್ತರ 2:
ಮೇಲಿನ ವಿವರಣೆ ಸರಿಯಾಗಿದೆ, ಆದರೆ ಒಂದು ಮಿತಿಯನ್ನು ಹೇಳಲೇಬೇಕು. ಕಡಿಮೆ ದರ್ಜೆಯ, ಅಂದರೆ ನಿಧಾನವಾಗಿ ಬೆಳೆಯುವ, ಗ್ಲಿಯೋಮಾಗಳು ಹಲವು ಬಾರಿ ಹೊಳೆಯುವುದೇ ಇಲ್ಲ. ಉರಿಯೂತವಿರುವ ಕಡೆ ಗೆಡ್ಡೆಯಿಲ್ಲದೆಯೂ ಹೊಳಪು ಕಾಣಬಹುದು. ಹೊಳೆಯುವುದನ್ನೆಲ್ಲ ತೆಗೆಯುವಂತೆಯೂ ಇಲ್ಲ. ಮಾತು ಅಥವಾ ಕೈಕಾಲಿನ ಚಲನೆಯನ್ನು ನಿಯಂತ್ರಿಸುವ ಭಾಗದವರೆಗೆ ಗೆಡ್ಡೆ ಹಬ್ಬಿದ್ದರೆ, ಕೆಂಪು ಇನ್ನೂ ಕಾಣುತ್ತಿದ್ದರೂ ಕೈ ತಡೆಯುವ ಶಸ್ತ್ರಚಿಕಿತ್ಸಕರನ್ನೇ ನಾನು ಹೆಚ್ಚು ನಂಬುತ್ತೇನೆ. ಅಣ್ಣನವರ ಗೆಡ್ಡೆ ಎಲ್ಲಿದೆ, ಯಾವ ದರ್ಜೆಯದಿರಬಹುದು ಎಂದು ಮೊದಲು ಕೇಳಿಕೊಳ್ಳಿ.

ಉತ್ತರ 3:
ದ್ರಾವಣ ಕುಡಿದ ಮೇಲೆ ಚರ್ಮ ಬೆಳಕಿಗೆ ಸೂಕ್ಷ್ಮವಾಗುತ್ತದೆ. ಆದ್ದರಿಂದ ಒಂದೆರಡು ದಿನ ಬಿಸಿಲು ಮತ್ತು ಪ್ರಖರ ದೀಪಗಳಿಂದ ಅವರನ್ನು ದೂರವಿರಿಸಿ, ಕಿಟಕಿಯ ಪರದೆಯನ್ನು ಎಳೆದಿಡಿ.