ಗೋದಾಮಿನಲ್ಲಿ ಸಿಕ್ಕ ಹಳೆಯ ದೋಣಿ ಮೋಟಾರು: ಗುರುತಿಸುವುದು ಹೇಗೆ, ರಿಪೇರಿ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ಸಕಲೇಶಪುರ ತಾಲ್ಲೂಕಿನ ಕಾಫಿ ಬೆಳೆಗಾರರು):

ಮಾನ್ಯರೇ, ತಾತನವರ ಕಾಲದ ಗೋದಾಮನ್ನು ಖಾಲಿ ಮಾಡಿಸುವಾಗ, ಗೋಣಿತಾಟಿನಲ್ಲಿ ಸುತ್ತಿಟ್ಟಿದ್ದ ಒಂದು ದೋಣಿ ಮೋಟಾರು ಸಿಕ್ಕಿದೆ. ಹಿತ್ತಾಳೆಯ ಪೆಟ್ರೋಲ್ ಟ್ಯಾಂಕು, ಮುಚ್ಚಳವಿಲ್ಲದ ಫ್ಲೈವೀಲ್ (ಎಂಜಿನ್ನಿನ ಭಾರದ ಚಕ್ರ), ಅದರ ಮೇಲೆ ಹಗ್ಗ ಸುತ್ತುವ ಜಾಗ, ಕೆಳಗೆ ಉದ್ದನೆಯ ಕೊಳವೆ, ತುದಿಯಲ್ಲಿ ಐದು ಎಲೆಗಳ ಫ್ಯಾನು ಇವೆ. ಫ್ಯಾನಿನ ಬುಡದಲ್ಲಿ ಹೊರಗೇ ಕಾಣುವಂತೆ ದಪ್ಪನೆಯ ಸ್ಪ್ರಿಂಗ್ ಇದೆ. ಟ್ಯಾಂಕಿನ ಮೇಲಿನ ಚಿತ್ರ ಅಳಿಸಿಹೋಗಿದೆ. ಎಂಜಿನ್ನಿನ ಕೆಳಭಾಗದಲ್ಲಿ ಡಬ್ಲ್ಯೂ, ಎಸ್, ಪಿ, ಸಿ ಎಂಬ ಇಂಗ್ಲಿಷ್ ಅಕ್ಷರಗಳೂ, ಅವುಗಳ ಮುಂದೆ ಒಂದು ಸಂಖ್ಯೆಯೂ, ಕೊನೆಗೆ ಇ ಅಕ್ಷರ ಮತ್ತು 8 ಎಂಬ ಅಂಕಿಯೂ ಕೊರೆದಿವೆ. ಫ್ಲೈವೀಲ್ ಒಂದಿಷ್ಟೂ ತಿರುಗುತ್ತಿಲ್ಲ. ಇಲ್ಲಿಯ ಮೆಕ್ಯಾನಿಕ್ ಒಬ್ಬರು, ಹೊಡೆದು ಬಿಡಿಸಿ ಬೋರ್ ಮಾಡಿಸಬೇಕು (ಸಿಲಿಂಡರಿನ ಒಳಮೈ ಕೊರೆಸಬೇಕು) ಎನ್ನುತ್ತಿದ್ದಾರೆ. ಇದು ಯಾವ ಮೋಟಾರು? ತೋಟದ ಕೆರೆಯಲ್ಲಿ ಮತ್ತೆ ಓಡಿಸಲು ಸಾಧ್ಯವೇ?

ಉತ್ತರ (ಹಾಸನದ ಎಂಜಿನ್ ಮೆಕ್ಯಾನಿಕ್):

ನಮಸ್ಕಾರ. ದಯವಿಟ್ಟು ಸುತ್ತಿಗೆಯನ್ನು ಅದರ ಹತ್ತಿರಕ್ಕೂ ತರಲು ಬಿಡಬೇಡಿ. ನಿಮ್ಮ ವಿವರಣೆಯ ಪ್ರಕಾರ ಅದು ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತ್ಯದ ಪೂಲ್ ಎಂಬ ಊರಿನಲ್ಲಿ ತಯಾರಾದ ಬ್ರಿಟಿಷ್ ಸೀಗಲ್. ಟ್ಯಾಂಕಿನ ಮೇಲೆ ಅಳಿಸಿರುವುದು ಆ ಕಡಲ ಹಕ್ಕಿಯ ಚಿತ್ರವೇ ಇರಬೇಕು. 1931ರಲ್ಲಿ ಮಾರ್ಸ್ಟನ್ ಸೀಗಲ್ ಎಂಬ ಹೆಸರಿನಲ್ಲಿ ಆರಂಭವಾಗಿ, 1996ರವರೆಗೂ ತಯಾರಾದ ಮೋಟಾರು ಇದು. ಫ್ಯಾನಿನ ಬುಡದ ಆ ಸ್ಪ್ರಿಂಗ್ ಒಂದೇ ಸಾಕು, ಬೇರೆ ಕಂಪನಿಯದಲ್ಲ ಎಂದು ಹೇಳಬಹುದು. ಬೇರೆ ಮೋಟಾರುಗಳಲ್ಲಿ ಫ್ಯಾನು ಕಲ್ಲಿಗೋ ಮುಳುಗಿದ ಮರದ ಬೊಡ್ಡೆಗೋ ಬಡಿದರೆ ಒಳಗಿನ ಪಿನ್ ತುಂಡಾಗಿ ಗೇರನ್ನು ಉಳಿಸುತ್ತದೆ. ಸೀಗಲ್‌ನಲ್ಲಿ ಆ ಪೆಟ್ಟನ್ನು ಸ್ಪ್ರಿಂಗ್ ತಾನೇ ನುಂಗಿಕೊಳ್ಳುತ್ತದೆ.

ಅಕ್ಷರಗಳೇ ಅದರ ಜಾತಕ. ಡಬ್ಲ್ಯೂ, ಎಸ್ ಎಂದರೆ ಸಿಲ್ವರ್ ಸೆಂಚುರಿ ಸರಣಿ, ಪಿ ಎಂದರೆ ಪ್ಲಸ್, ಸಿ ಎಂದರೆ ಕ್ಲಚ್ ಇರುವ ಮಾದರಿ. ಅದರ ಮುಂದೆ ಎಲ್ ಅಕ್ಷರವೂ ಇದ್ದಿದ್ದರೆ ಇದಕ್ಕಿಂತಲೂ ಉದ್ದ ಕೊಳವೆಯ ಮಾದರಿ ಎಂದಾಗುತ್ತಿತ್ತು. ಕೊನೆಯ ಅಕ್ಷರ ತಿಂಗಳನ್ನೂ, ಅಂಕಿ ವರ್ಷದ ಕೊನೆಯ ಅಂಕಿಯನ್ನೂ ಹೇಳುತ್ತವೆ. ಇ ಐದನೆಯ ಅಕ್ಷರವಾದ್ದರಿಂದ ನಿಮ್ಮದು 1968ರ ಮೇ ತಿಂಗಳ ಮೋಟಾರು ಎಂದು ಓದಬೇಕು. ಸೆಂಚುರಿ ಸರಣಿಯ ಎಂಜಿನ್ 102 ಸಿ.ಸಿ.ಯದು, ಅದಕ್ಕಿಂತ ಚಿಕ್ಕದಾದ ಫಾರ್ಟಿ ಸರಣಿಯದು 64 ಸಿ.ಸಿ. ಬಿಡಿಭಾಗ ತರಿಸುವಾಗ ಈ ವ್ಯತ್ಯಾಸ ಮುಖ್ಯವಾಗುವುದರಿಂದ, ಅಕ್ಷರಗಳನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಓರೆಯಾಗಿ ಬೆಳಕು ಬಿಟ್ಟು ಫೋಟೋ ತೆಗೆದಿಟ್ಟುಕೊಳ್ಳಿ. ಎಮರಿ ಕಾಗದ ಹಾಕಿ ಉಜ್ಜಬೇಡಿ.

ಇನ್ನು ಜಾಮ್ ಆಗಿರುವ ವಿಷಯ. ಮಲೆನಾಡಿನ ಮಳೆಗಾಲದ ತೇವದಲ್ಲಿ ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ತುಕ್ಕಿನಿಂದ ಅಂಟಿಕೊಂಡಿರುತ್ತವೆ, ಅಷ್ಟೇ. ಅದನ್ನು ಕಾಣದೆ ಬೋರ್ ಮಾಡಿಸುವ ಮಾತನ್ನು ಆಡುವುದು ಸರಿಯಲ್ಲ. ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ ಮತ್ತು ತೆಳುವಾದ ಎಂಜಿನ್ ಆಯಿಲ್ ಬೆರೆಸಿ ತುಂಬಿಸಿ, ಸೈಲೆನ್ಸರ್ ಕೂಡುವ ಕಿಂಡಿಯಿಂದಲೂ ಒಂದಿಷ್ಟು ಬಿಡಿ, ಒಂದು ವಾರ ಹಾಗೇ ಇರಲಿ, ಇಳಿದುಹೋದಂತೆಲ್ಲ ಮತ್ತೆ ತುಂಬಿಸಿ. ಆಮೇಲೆ ಫ್ಲೈವೀಲನ್ನು ಎರಡೂ ಕೈಗಳಿಂದ ಹಿಡಿದು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಿಸಿ. ಕೂದಲೆಳೆಯಷ್ಟು ಅಲುಗಿದರೂ ಕೆಲಸ ಮುಕ್ಕಾಲು ಆದಂತೆ. ಮತ್ತೆ ಎಣ್ಣೆ ಬಿಟ್ಟು ಕಾಯಿರಿ. ಫ್ಲೈವೀಲಿನ ಅಂಚಿಗೆ ಕಬ್ಬಿಣದ ಸಲಾಕೆ ಕೊಟ್ಟು ಮೀಟಿದರೆ ಅದು ಸೊಟ್ಟಗಾಗುತ್ತದೆ. ಮೇಲಿನಿಂದ ಹೊಡೆದರೆ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಶಾಫ್ಟ್) ಕೆಡುತ್ತದೆ.

ಬಿಡಿಸಿಕೊಂಡ ಮೇಲೆ ಸೀದಾ ಪೆಟ್ರೋಲ್ ಹಾಕಿ ಹಗ್ಗ ಎಳೆಯುವ ಆತುರ ಬೇಡ. ಮೊದಲು ಕಿಡಿ ನೋಡಿ. ಪ್ಲಗ್ಗನ್ನು ಸಿಲಿಂಡರಿಗೆ ತಾಗಿಸಿ ಹಿಡಿದು ಫ್ಲೈವೀಲ್ ತಿರುಗಿಸಿದಾಗ ನೀಲಿ ಕಿಡಿ ಹಾರಬೇಕು. ಹಾರದಿದ್ದರೆ ಹೆಚ್ಚಿನ ಪಾಲು ತಪ್ಪು ಪಾಯಿಂಟಿನದು (ಕಿಡಿಗಾಗಿ ಕರೆಂಟನ್ನು ಕೂಡಿಸಿ ಬಿಡಿಸುವ ಪುಟ್ಟ ಸ್ವಿಚ್ಚು), ಏಕೆಂದರೆ ಇಷ್ಟು ಕಾಲ ನಿಂತ ಪಾಯಿಂಟಿನ ಮೇಲೆ ಬೂದು ಬಣ್ಣದ ಪೊರೆ ಕಟ್ಟಿರುತ್ತದೆ. ಫ್ಲೈವೀಲನ್ನು ಪುಲ್ಲರ್ ಹಾಕಿ ತೆಗೆದು, ಪಾಯಿಂಟನ್ನು ನಯವಾದ ಎಮರಿಯಿಂದ ಉಜ್ಜಿ, ದಪ್ಪ ಕಾಗದದ ತುಂಡನ್ನು ನಡುವೆ ಎಳೆದು ಧೂಳು ತೆಗೆದು, ಅಂತರವನ್ನು 0.5 ಮಿ.ಮೀ.ಗೆ ಹೊಂದಿಸಿ. ಆಗಲೂ ಕಿಡಿ ಮಂಕಾಗಿದ್ದರೆ ಪಾಯಿಂಟಿನ ಜೊತೆಗಿರುವ ಕಂಡೆನ್ಸರ್ ಎಂಬ ಪುಟ್ಟ ವಿದ್ಯುತ್ ಭಾಗವನ್ನು ಬದಲಿಸಿ. ಪಾಯಿಂಟ್ ಇದ್ದ ಕಾಲದ ಯೆಜ್ಡಿ ಅಥವಾ ಹಳೆಯ ಸ್ಕೂಟರಿನ ಕಂಡೆನ್ಸರನ್ನು ಕೂರಿಸುವ ಜಾಗ ಮಾಡಿಕೊಂಡು ಬಳಸಬಹುದು. ಕಾಯಿಲ್ ಒಳಗೆ ತೇವ ಹೀರಿದ್ದರೆ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ನೋಡಿದ ಮೇಲೆಯೇ ಹೊಸದರ ಯೋಚನೆ ಮಾಡಿ.

ಇನ್ನೊಂದು ಮಾತು, ನಮ್ಮ ಕಡೆಗೆ ವಿಶೇಷವಾಗಿ ಅನ್ವಯಿಸುವಂಥದು. ಗೇರ್ ಪೆಟ್ಟಿಗೆಯ ಹತ್ತಿರ ನೀರು ಒಳಹೋಗುವ ಕಿಂಡಿಗಳನ್ನೂ, ಮೇಲೆ ನೀರು ಹೊರಬರುವ ತೂತನ್ನೂ ಟಾರ್ಚ್ ಹಿಡಿದು ನೋಡಿ. ಗೋದಾಮಿನಲ್ಲಿ ಬಿದ್ದ ಯಂತ್ರಗಳ ತೂತುಗಳಲ್ಲಿ ಕುಂಬಾರ ಹುಳ ಕೆಂಪು ಮಣ್ಣಿನ ಗೂಡು ಕಟ್ಟಿ, ಅದು ಇಟ್ಟಿಗೆಯಂತೆ ಗಟ್ಟಿಯಾಗಿರುತ್ತದೆ. ನೀರು ಬಿಟ್ಟು ನೆನೆಸಿ, ಮೆತ್ತನೆಯ ತಂತಿಯಿಂದ ಬಿಡಿಸಿ. ಅದನ್ನು ತೆಗೆಯದೆ ಎಂಜಿನ್ ಓಡಿಸಿದರೆ ಸಿಲಿಂಡರಿಗೆ ತಂಪು ನೀರು ಏರದೆ, ನೀವು ಕಷ್ಟಪಟ್ಟು ಬಿಡಿಸಿದ ಪಿಸ್ಟನ್ ಮತ್ತೆ ಹಿಡಿದುಕೊಳ್ಳುತ್ತದೆ.

ಪ್ರಶ್ನೆ (ಅದೇ ಬೆಳೆಗಾರರು):

ತುಂಬಾ ಉಪಕಾರವಾಯಿತು ಸರ್. ಹೇಳಿದಂತೆ ಮಾಡಿ ಪಿಸ್ಟನ್ ಬಿಟ್ಟುಕೊಂಡಿತು, ಕಿಡಿಯೂ ಬರುತ್ತಿದೆ. ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸಬೇಕು? ನಮ್ಮ ವೀಡ್ ಕಟರಿಗೆ ಐದು ಲೀಟರಿಗೆ 100 ಮಿ.ಲೀ. ಹಾಕುತ್ತೇವೆ, ಅದೇ ಸಾಕು ಎಂದು ಮೆಕ್ಯಾನಿಕ್ ಹೇಳಿದರು. ಪೆಟ್ರೋಲ್ ನಲ್ಲಿಯಿಂದಲೂ ಸೋರುತ್ತಿದೆ.

ಉತ್ತರ:

ಸಾಲದು. ಈ ಎಂಜಿನ್ ಹಾಳಾಗುವ ಅತಿ ಸುಲಭದ ದಾರಿ ಅದೇ. ಇಂದಿನ ವೀಡ್ ಕಟರಿನಲ್ಲಿ ಕ್ರ್ಯಾಂಕ್ ತಿರುಗುವುದು ಉರುಳುವ ಬೇರಿಂಗುಗಳ ಮೇಲೆ. ಅವಕ್ಕೆ ಒಂದು ತೇವದಷ್ಟು ಎಣ್ಣೆ ಸಾಕು. ಸೀಗಲ್‌ನ ಕ್ರ್ಯಾಂಕ್ ತಿರುಗುವುದು ಸಾದಾ ಕಂಚಿನ ಬುಷ್‌ಗಳ, ಅಂದರೆ ಬಳೆಯಂಥ ಕೊಳವೆಗಳ ಒಳಗೆ. ಲೋಹ ಲೋಹಕ್ಕೆ ತಾಗದಂತೆ ನಡುವೆ ದಪ್ಪ ಎಣ್ಣೆಯ ಪದರ ನಿಲ್ಲಲೇಬೇಕು, ಮತ್ತು ಆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲಿಯೇ, ಬೇರೆ ದಾರಿಯಿಲ್ಲ. ಆದ್ದರಿಂದಲೇ ಆ ಕಾಲದ ಸೀಗಲ್‌ಗಳಿಗೆ ಹತ್ತಕ್ಕೆ ಒಂದು ಪಾಲು, ಅಂದರೆ ಐದು ಲೀಟರ್ ಪೆಟ್ರೋಲಿಗೆ 500 ಮಿ.ಲೀ. ಎಣ್ಣೆ ಎಂದು ಕಂಪನಿಯೇ ನಿಗದಿಮಾಡಿತ್ತು. ಮುಂದೆ ತಯಾರಾದ ಮೋಟಾರುಗಳಿಗೆ 25ಕ್ಕೆ ಒಂದು ಪಾಲು ಸಾಕಾಯಿತು. ಹಳೆಯದನ್ನೂ ಹಾಗೆ ಮಾಡಬಹುದು, ಆದರೆ ಕಾರ್ಬೋರೇಟರಿನಲ್ಲಿ ಪೆಟ್ರೋಲಿನ ಪ್ರಮಾಣವನ್ನು ಹಿಡಿದಿಡುವ ಸೂಜಿ ಬದಲಿಸದೆ ಎಣ್ಣೆ ಇಳಿಸಿದರೆ ಪೆಟ್ರೋಲಿನ ಪಾಲು ಹೆಚ್ಚಾಗಿ ಎಂಜಿನ್ ಉಸಿರು ಕಟ್ಟಿದಂತೆ ಓಡುತ್ತದೆ. ಸದ್ಯಕ್ಕೆ ಹತ್ತಕ್ಕೆ ಒಂದರಲ್ಲಿಯೇ ನಡೆಸಿ. ಹೊಗೆ ಬರುತ್ತದೆ, ಬರಲಿ. ಕಿಟ್ಟವೂ ಬೇಗ ಕಟ್ಟುವುದರಿಂದ ಪ್ಲಗ್ಗನ್ನೂ ಹೊಗೆ ಹೋಗುವ ಕಿಂಡಿಯನ್ನೂ ಆಗಾಗ ಕೆರೆದು ಶುಚಿಮಾಡಬೇಕು.

ನಲ್ಲಿ ಸೋರುವುದಕ್ಕೆ ಕಾರಣ ಅದರೊಳಗಿನ ಬೆಂಡು. ಒಣಗಿ ಕುಗ್ಗಿರುತ್ತದೆ. ಬಿಸಿನೀರಿನಲ್ಲಿ ಕುದಿಸಿದರೆ ಉಬ್ಬಿ ಕೆಲವೊಮ್ಮೆ ಮತ್ತೆ ಕೂಡುತ್ತದೆ, ಇಲ್ಲವಾದರೆ ಹೊಸ ಬೆಂಡು ಕೊರೆದು ಹಾಕಬೇಕು. ಇಲ್ಲಿ ಇಂದಿನ ಪೆಟ್ರೋಲಿನ ಬಗ್ಗೆ ಎಚ್ಚರ ಹೇಳಲೇಬೇಕು: 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ, ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಈಗ ಎಲ್ಲ ಬಂಕುಗಳಲ್ಲಿಯೂ ಸಿಗುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ನೀರು ಹೆಚ್ಚಾದರೆ ಟ್ಯಾಂಕಿನ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ, ಹಳೆಯ ರಬ್ಬರನ್ನೂ ವಾರ್ನಿಷನ್ನೂ ಕರಗಿಸುತ್ತದೆ. ಅದಕ್ಕಾಗಿ, ಕೆಲಸ ಮುಗಿದ ಕೂಡಲೇ ನಲ್ಲಿ ಮುಚ್ಚಿ, ಕಾರ್ಬೋರೇಟರಿನಲ್ಲಿರುವುದು ಉರಿದು ಎಂಜಿನ್ ತಾನಾಗಿ ನಿಲ್ಲುವವರೆಗೂ ಓಡಿಸಿ, ಟ್ಯಾಂಕನ್ನು ಖಾಲಿ ಮಾಡಿಡಿ. ಬೆರೆಸಿದ ಪೆಟ್ರೋಲನ್ನು ಮಳೆಗಾಲದಲ್ಲಿ ತಿಂಗಳುಗಟ್ಟಲೆ ಇಡಬೇಡಿ.

ಪ್ರಶ್ನೆ (ಬೇಲೂರಿನ ಸದಸ್ಯರು):

ನಮ್ಮಲ್ಲೂ ಹಳೆಯದೊಂದು ಸೀಗಲ್ ಇದೆ. ಗೇರ್ ಪೆಟ್ಟಿಗೆಯ ಆಯಿಲ್ ಬೆಳ್ಳಗಾಗಿ ಹೊರಬರುತ್ತಿದೆ. ಆಯಿಲ್ ಸೀಲ್ ಬದಲಿಸಬೇಕೆ? ಜೊತೆಗೆ ಜಾನ್ಸನ್ ಕಂಪನಿಯ ದೋಣಿ ಮೋಟಾರೂ ಒಂದಿದೆ, ಅದಕ್ಕೂ ಇದೇ ಕ್ರಮವೇ?

ಉತ್ತರ:

ಸೀಗಲ್‌ನ ಗೇರ್ ಪೆಟ್ಟಿಗೆಯಲ್ಲಿ ಇಂದಿನವುಗಳಂತೆ ನೀರು ತಡೆಯುವ ರಬ್ಬರ್ ಸೀಲ್ ಇಲ್ಲ. ಫ್ಯಾನಿನ ಶಾಫ್ಟ್ ಕಂಚಿನ ಬುಷ್‌ನಲ್ಲಿ ತಿರುಗುವುದರಿಂದ ಸ್ವಲ್ಪ ನೀರು ಒಳಬರುತ್ತದೆ, ಎಣ್ಣೆಯೊಡನೆ ಕಡೆದು ಬೆಳ್ಳಗಾಗುತ್ತದೆ. ಅದನ್ನು ಅರಿತೇ ಆ ಪೆಟ್ಟಿಗೆಯನ್ನು ರೂಪಿಸಿದ್ದಾರೆ. ಲಾರಿ, ಟ್ರ್ಯಾಕ್ಟರುಗಳಿಗೆ ಹಾಕುವ 140ರ ದಪ್ಪ ಗೇರ್ ಆಯಿಲ್ ಹಾಕಿ. 90 ತೆಳುವಾಗುತ್ತದೆ. ಗ್ರೀಸ್ ಮಾತ್ರ ತುಂಬಬೇಡಿ, ಹಲ್ಲುಗಳು ಅದನ್ನು ಪಕ್ಕಕ್ಕೆ ತಳ್ಳಿ ಒಣಗಿಯೇ ತಿರುಗುತ್ತವೆ. ಆಯಿಲ್ ಬೆಳ್ಳಗಿರುವುದು ದೋಷವಲ್ಲ, ಬರೀ ನೀರೇ ಬಂದರೆ ಅಥವಾ ಹಿತ್ತಾಳೆ ಬಣ್ಣದ ಪುಡಿ ಕಂಡರೆ ಬುಷ್ ಸವೆದಿದೆ ಎಂದು ತಿಳಿಯಿರಿ.

ಜಾನ್ಸನ್ ಬೇರೆಯದೇ. ಅದರ ನೀರಿನ ಪಂಪಿನಲ್ಲಿ ರಬ್ಬರಿನ ರೆಕ್ಕೆಗಳಿವೆ, ಅವು ನೀರಿಲ್ಲದೆ ತಿರುಗಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತವೆ, ಆದ್ದರಿಂದ ಹಳೆಯದಾದರೆ ಪಂಪಿನ ರಬ್ಬರನ್ನು ಮೊದಲೇ ಬದಲಿಸಿ. ದೋಣಿಗೆ ಬಿಗಿಯುವ ಕ್ಲ್ಯಾಂಪಿನ ಮೇಲಿನ ತಗಡಿನಲ್ಲಿ ಮಾದರಿ ಸಂಖ್ಯೆ ಇರುತ್ತದೆ. 1964ಕ್ಕಿಂತ ಹಿಂದಿನದಾದರೆ 24ಕ್ಕೆ ಒಂದು ಪಾಲು ಎಣ್ಣೆ. ಉಳಿದದ್ದಕ್ಕೆ ಆ ಸಂಖ್ಯೆ ಬರೆದು ಕಳಿಸಿ.

ಪ್ರಶ್ನೆ (ಮೊದಲ ಬೆಳೆಗಾರರು):

ಕೊನೆಯದಾಗಿ, ಮೊದಲ ಸಲ ಎಲ್ಲಿ ಓಡಿಸಿ ನೋಡಬೇಕು? ಗೊರೂರಿನ ಹಿನ್ನೀರಿಗೆ ಒಯ್ಯಬಹುದೇ?

ಉತ್ತರ:

ಮೊದಲು ನೀರಿನ ಡ್ರಮ್ಮಿನಲ್ಲಿ. ಗಟ್ಟಿಯಾದ ಹಲಗೆಗೆ ಮೋಟಾರನ್ನು ಬಿಗಿದು, ಫ್ಯಾನೂ ಗೇರ್ ಪೆಟ್ಟಿಗೆಯೂ ಪೂರ್ತಿ ಮುಳುಗುವಷ್ಟು ನೀರು ತುಂಬಿಸಿ. ಟ್ಯಾಂಕಿನ ಮುಚ್ಚಳದ ಗಾಳಿ ತಿರುಪನ್ನು ಸಡಿಲಿಸಿ, ಕ್ಲಚ್ ಬಿಡಿಸಿ, ಕಾರ್ಬೋರೇಟರಿನ ಗುಂಡಿ ಒತ್ತಿ ಪೆಟ್ರೋಲ್ ಜಿನುಗಿದ ಮೇಲೆ ಹಗ್ಗ ಎಳೆಯಿರಿ. ಹಗ್ಗದ ಹಿಂದೆ ಮಕ್ಕಳು ನಿಲ್ಲಬಾರದು. ಫ್ಲೈವೀಲಿಗೆ ಮುಚ್ಚಳವಿಲ್ಲವಾದ್ದರಿಂದ ಟವೆಲ್, ಸಡಿಲ ತೋಳಿನ ಅಂಗಿ ಹತ್ತಿರವೂ ಬರಬಾರದು. ಎಂಜಿನ್ ಹಿಡಿದ ಮೇಲೆ ನೀರು ಹೊರಬರುತ್ತಿದೆಯೇ ಎಂಬುದೊಂದೇ ನೋಡಬೇಕಾದದ್ದು; ಬರದಿದ್ದರೆ ಕೂಡಲೇ ನಿಲ್ಲಿಸಿ, ಹುಳದ ಮಣ್ಣು ಒಳಗೆ ಇನ್ನೂ ಉಳಿದಿದೆ.

ಗೊರೂರಿನ ಹೇಮಾವತಿ ಜಲಾಶಯಕ್ಕೆ ಅನುಮತಿಯಿಲ್ಲದೆ ಮೋಟಾರು ಇಳಿಸಬೇಡಿ. ಅದು ಕಾವೇರಿ ನೀರಾವರಿ ನಿಗಮದ ವ್ಯಾಪ್ತಿಯ ನೀರು, ಮತ್ತು ಯಂತ್ರ ಕೂಡಿಸಿದ ದೋಣಿಗೆ 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ತಪಾಸಣೆ, ನೋಂದಣಿಗಳ ನಿಯಮಗಳಿವೆ. ನಿಮ್ಮ ಕೆರೆಯಲ್ಲಿಯೂ ಒಂದು ವಿಷಯ ಗಮನದಲ್ಲಿರಲಿ: ಹತ್ತಕ್ಕೆ ಒಂದರಲ್ಲಿ ಸುಡದ ಎಣ್ಣೆ ನೀರಿನ ಮೇಲೆ ಪದರವಾಗಿ ಹರಡುತ್ತದೆ. ದನಕರು ನೀರು ಕುಡಿಯುವ ಮೂಲೆಯಿಂದಲೂ, ಸ್ಪ್ರೇ ಮಾಡಲು ನೀರೆತ್ತುವ ಪಂಪಿನಿಂದಲೂ ದೂರವಿದ್ದು, ಕೆಲ ನಿಮಿಷ ಮಾತ್ರ ಓಡಿಸಿ. ನೀರು ಸರಿಯಾಗಿ ಹೊರಬರುತ್ತಿರುವ ಒಂದು ವಿಡಿಯೋ ಕಳಿಸಿದರೆ, ಶಬ್ದ ಕೇಳಿ ಬುಷ್‌ಗಳ ಸ್ಥಿತಿಯ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ.